ಬೀಜದ ಜೊತೆ ಹೋಗುವ ಕಾಗದ

ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದಶಕಗಟ್ಟಲೆ ರಾಗಿ ತೆನೆಗಳ ನಡುವೆ ಬದುಕಿದ ಲಕ್ಷ್ಮಣಯ್ಯನವರನ್ನು ಹಳೇ ಮೈಸೂರಿನ ರೈತರು ‘ರಾಗಿ ಬ್ರಹ್ಮ’ ಎಂದೇ ಕರೆದರು. ರಾಗಿಯ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದು ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವ ಬೆಳೆ. ಅಂಥದ್ದರಲ್ಲಿ ಒಂದು ತಳಿಯನ್ನು ಇನ್ನೊಂದರ ಜೊತೆ ಕೂಡಿಸುವುದಕ್ಕೆ ತಪಸ್ಸಿನಂಥ ತಾಳ್ಮೆ ಬೇಕು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಅವರ ಕೈಯಲ್ಲಿ ಹುಟ್ಟಿದವು. ಆಮೇಲೆ ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿದರು. ಇಂಡಿಯಾದ ಮೊದಲರ್ಧ, ಆಫ್ರಿಕಾದ ಮೊದಲರ್ಧ ಸೇರಿ ‘ಇಂಡಾಫ್’ ಆಯಿತು. 1970ರ ದಶಕದಲ್ಲಿ ಇಂಡಾಫ್ ಸಾಲಿನ ತಳಿಗಳು ಹೊಲಕ್ಕೆ ಇಳಿದಾಗ ಖುಷ್ಕಿ ರೈತನ ಕಣಜದ ಲೆಕ್ಕವೇ ಬದಲಾಯಿತು. ಇವತ್ತಿಗೂ ಬೆಂಕಿ ರೋಗ ತಡೆಯುತ್ತದೆಂದು ರೈತರು ಕೇಳಿ ಪಡೆಯುವ ಜಿಪಿಯು-28 ತಳಿಯ ವಂಶವೃಕ್ಷ ತೆಗೆದು ನೋಡಿದರೆ ಇಂಡಾಫ್-5, ಇಂಡಾಫ್-9ರ ಹೆಸರುಗಳು ಸಿಗುತ್ತವೆ.

ನಮ್ಮ ಮುದ್ದೆಯಲ್ಲಿ ಆಫ್ರಿಕಾದ ಪಾಲಿದೆ. ಆ ಕಾಲದಲ್ಲಿ ಒಬ್ಬ ವಿಜ್ಞಾನಿ ಇನ್ನೊಬ್ಬನಿಗೆ ಪತ್ರ ಬರೆದರೆ ಸಾಕಿತ್ತು, ಬೀಜ ಬರುತ್ತಿತ್ತು. ರೋಗ ಹತ್ತಿದೆಯೇ ಎಂದು ನೋಡುವ ಕ್ವಾರಂಟೈನ್ ಪರೀಕ್ಷೆ ಇತ್ತೇ ಹೊರತು, ಇದು ಯಾರ ಬೀಜ, ಇದರಿಂದ ಬಂದ ಲಾಭ ಯಾರಿಗೆ ಎಂಬ ಪ್ರಶ್ನೆ ಅಷ್ಟಾಗಿ ಇರಲಿಲ್ಲ. 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ರೂಢಿಯನ್ನೇ ಮಾತಿನಲ್ಲಿ ಹೇಳಿ, ಸಸ್ಯ ತಳಿ ಸಂಪತ್ತು ಮನುಕುಲದ ಸೊತ್ತು ಎಂದಿತು.

ಕೇಳಲು ಚೆಂದದ ಮಾತು. ಆದರೆ ಬಡ ದೇಶಗಳ ಹೊಲದಿಂದ ಬೀಜ ಸಲೀಸಾಗಿ ಹೊರಟು, ಶ್ರೀಮಂತ ದೇಶಗಳ ಪ್ರಯೋಗಾಲಯದಲ್ಲಿ ಹೆಸರು ಬದಲಿಸಿಕೊಂಡು, ಹಕ್ಕಿನ ಬೀಗ ಹಾಕಿಸಿಕೊಂಡು ವಾಪಸ್ ಬರತೊಡಗಿದಾಗ ಆ ಮಾತಿನ ಮೇಲೆ ನಂಬಿಕೆ ಹೋಯಿತು. 1992ರಲ್ಲಿ ರಿಯೋದಲ್ಲಿ ಸಹಿಗೆ ಇಟ್ಟ ಜೀವವೈವಿಧ್ಯ ಒಡಂಬಡಿಕೆ, ಆಯಾ ದೇಶದ ಜೀವಸಂಪತ್ತಿನ ಮೇಲೆ ಆಯಾ ದೇಶಕ್ಕೇ ಸಾರ್ವಭೌಮ ಹಕ್ಕು ಎಂದು ಹೇಳಿತು. 2001ರಲ್ಲಿ ಎರಡು ಸಂಗತಿ ನಡೆದವು. ಆಹಾರ ಬೆಳೆಗಳ ಬೀಜ ವಿನಿಮಯಕ್ಕೆಂದೇ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದ ರೋಮ್‌ನಲ್ಲಿ ಅಂಗೀಕಾರವಾಯಿತು. ನಮ್ಮ ಸಂಸತ್ತು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಮರುವರ್ಷ ಜೀವವೈವಿಧ್ಯ ಕಾಯ್ದೆ ಬಂತು. ಹೀಗೆ ಹತ್ತು ವರ್ಷದಲ್ಲಿ ಬೀಜದ ಪೊಟ್ಟಣದ ಜೊತೆ ಒಂದು ಕಾಗದವೂ ಪ್ರಯಾಣ ಮಾಡಬೇಕಾಯಿತು.

ಆ ಕಾಗದಕ್ಕೆ ಸಹಿ ಹಾಕುವವರು ಯಾರು? ಕೃಷಿ ವಿಶ್ವವಿದ್ಯಾಲಯದ ತಳಿ ವಿಜ್ಞಾನಿ, ಜೀನ್ ಬ್ಯಾಂಕಿನ ಉಸ್ತುವಾರಿ ಅಧಿಕಾರಿ, ಸಂಶೋಧನಾ ಕೇಂದ್ರದ ಮುಖ್ಯಸ್ಥ, ಕೊನೆಗೆ ಗ್ರಾಮ ಪಂಚಾಯಿತಿಯ ಪಿಡಿಒ. ಇವರಲ್ಲಿ ಹೆಚ್ಚಿನವರು ಓದುವಾಗ ಮೆಂಡೆಲನನ್ನು ಕಲಿತರು, ಕಾನೂನನ್ನು ಕಲಿಯಲಿಲ್ಲ. ನಮ್ಮ ಬೀಜ ಉಳಿಯುವುದು, ಹೋಗುವುದು, ಸರಿಯಾದ ದಾರಿಯಲ್ಲಿ ಹಂಚಿಕೆಯಾಗುವುದು ಈ ಮೇಜಿನ ಮುಂದೆ ಕೂತವರ ತಿಳಿವಳಿಕೆಯ ಮೇಲೆ ನಿಂತಿದೆ. ಅವರಿಗೆ ತರಬೇತಿ ಕೊಡುವುದನ್ನು ನಾವು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎನ್ನುವುದು ನನ್ನ ಸಂಕಟ.

ಈ ಕೆಲಸ ಎಷ್ಟು ಸೂಕ್ಷ್ಮ ಎಂದು ತಿಳಿಯಲು ಒಂದು ಮೇಜನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಮೇಲೆ ಮೂರು ಪೊಟ್ಟಣ: ಒಂದರಲ್ಲಿ ರಾಗಿ, ಒಂದರಲ್ಲಿ ಬ್ಯಾಡಗಿ ಮೆಣಸಿನ ಬೀಜ, ಇನ್ನೊಂದರಲ್ಲಿ ಉಡುಪಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ಬದನೆಯ ಬೀಜ. ವಿದೇಶದ ಒಂದು ಸಂಸ್ಥೆ ಮೂರನ್ನೂ ಕೇಳಿ ಪತ್ರ ಬರೆದಿದೆ. ಮೂರಕ್ಕೂ ಒಂದೇ ಉತ್ತರವೇ?

ರಾಗಿ 2001ರ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಆ ಪಟ್ಟಿಯಲ್ಲಿರುವುದು 64 ಬೆಳೆ ಮತ್ತು ಮೇವುಗಳು. ಸರ್ಕಾರದ ಹತೋಟಿಯಲ್ಲಿರುವ, ಸಾರ್ವಜನಿಕ ವಲಯದ ಸಂಗ್ರಹವಾದರೆ ಪ್ರಮಾಣಿತ ವರ್ಗಾವಣೆ ಒಪ್ಪಂದ ಎಂಬ ಸಿದ್ಧ ಕಾಗದಕ್ಕೆ ಸಹಿ ಮಾಡಿಸಿ ಬೀಜ ಕೊಡಬಹುದು. ನಮ್ಮಲ್ಲಿ ಆ ವಿನಿಮಯದ ಹೆಬ್ಬಾಗಿಲು ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ. ಸಿಬ್ಬಂದಿ ಈ ಕಾಗದವನ್ನು ಎಸ್‌ಎಮ್‌ಟಿಎ ಎನ್ನುತ್ತಾರೆ. ಅದರ ಷರತ್ತು ಸರಳ. ಬೀಜ ಬಂದ ರೂಪದಲ್ಲೇ ಅದರ ಮೇಲೆ ಹಕ್ಕುಸ್ವಾಮ್ಯ ಕೇಳುವಂತಿಲ್ಲ. ಅದರಿಂದ ಹೊಸ ತಳಿ ಮಾಡಿ, ಮುಂದಿನ ಸಂಶೋಧನೆಗೆ ಯಾರಿಗೂ ಸಿಗದಂತೆ ಪೇಟೆಂಟಿನ ಬೀಗ ಹಾಕಿದರೆ, ಮಾರಾಟದ ಶೇ 1.1ರಲ್ಲಿ ಶೇ 30ರಷ್ಟು ಕಳೆದು, ಅಂದರೆ ನೂರು ರೂಪಾಯಿ ಮಾರಾಟಕ್ಕೆ 77 ಪೈಸೆಯನ್ನು ಒಪ್ಪಂದದ ನಿಧಿಗೆ ಕಟ್ಟಬೇಕು. ಆದರೆ ಇದೆಲ್ಲ ಆಹಾರ ಮತ್ತು ಕೃಷಿಯ ಸಂಶೋಧನೆ, ತಳಿ ಅಭಿವೃದ್ಧಿ, ತರಬೇತಿಗೆ ಮಾತ್ರ. ಅದೇ ರಾಗಿಯಿಂದ ಔಷಧವನ್ನೋ ಮುಖಕ್ಕೆ ಹಚ್ಚುವ ಕ್ರೀಮನ್ನೋ ಮಾಡುತ್ತೇವೆ ಎಂದರೆ ಈ ಕಾಗದ ನಡೆಯುವುದಿಲ್ಲ; ಅರ್ಜಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರಕ್ಕೆ ಹೋಗಬೇಕು.

ಮೆಣಸಿನಕಾಯಿ ಆ ಪಟ್ಟಿಯಲ್ಲೇ ಇಲ್ಲ. ಟೊಮೆಟೊ, ಈರುಳ್ಳಿ, ಶೇಂಗಾ, ಸೋಯಾ, ಕಬ್ಬು ಕೂಡ ಇಲ್ಲ. ಯಾವ ಬೆಳೆ ಒಳಗಿರಬೇಕು ಎನ್ನುವುದು ವಿಜ್ಞಾನದಿಂದಷ್ಟೇ ತೀರ್ಮಾನವಾಗಲಿಲ್ಲ, ದೇಶಗಳ ಚೌಕಾಶಿಯೂ ಇತ್ತು. ಹೀಗಾಗಿ ಬ್ಯಾಡಗಿ ಪೊಟ್ಟಣಕ್ಕೆ ಮೊದಲ ದಿನದಿಂದಲೇ ಜೀವವೈವಿಧ್ಯ ಕಾಯ್ದೆಯ ಪೂರ್ವಾನುಮತಿ ಬೇಕು. ಬ್ಯಾಡಗಿ ಹೆಸರಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಇದೆಯಲ್ಲ ಎಂದು ಕೇಳಬಹುದು. ಜಿಐ ಕಾಯುವುದು ಹೆಸರನ್ನು. ಬೀಜವನ್ನು ಕಾಯುವ ಕಾನೂನೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಜಿಐ ಸಿಕ್ಕಿದೆ, ಇನ್ನು ನಮ್ಮ ಬೆಳೆ ಭದ್ರ’ ಎಂದು ನಂಬಿದವರು ಬಹಳ ಮಂದಿ ಇದ್ದಾರೆ.

ಮೂರನೆಯ ಪೊಟ್ಟಣದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಮಟ್ಟು ಗುಳ್ಳ ದುಂಡಗೆ, ತಿಳಿ ಹಸಿರು ಮೈಯಲ್ಲಿ ಬಿಳಿ ಗೆರೆ ಎಳೆದುಕೊಂಡು, ತೊಟ್ಟಿನಲ್ಲಿ ಮುಳ್ಳಿಟ್ಟುಕೊಂಡಿರುವ ಬದನೆ. ಸೋದೆ ಮಠದ ವಾದಿರಾಜ ಯತಿಗಳು ಕೊಟ್ಟ ಬೀಜ ಎಂದು ಊರವರ ನಂಬಿಕೆ. ಪರ್ಯಾಯದ ಹೊರೆಕಾಣಿಕೆಯಲ್ಲಿ ಅದರ ಬುಟ್ಟಿಗಳು ಕೃಷ್ಣಮಠಕ್ಕೆ ಬರುತ್ತವೆ. ಬದನೆ ಒಪ್ಪಂದದ ಪಟ್ಟಿಯಲ್ಲಿರುವ ಬೆಳೆ. ಹಾಗಾದರೆ ರಾಗಿಯ ಹಾಗೆ ಕೊಟ್ಟುಬಿಡಬಹುದೇ? ಕೊಡಲಾಗದು. ಪಟ್ಟಿಯಲ್ಲಿ ಬೆಳೆಯ ಹೆಸರಿದ್ದ ಮಾತ್ರಕ್ಕೆ ಊರಿನ ಹೊಲದಲ್ಲಿರುವ ಬೀಜ ತನ್ನಷ್ಟಕ್ಕೇ ಆ ವ್ಯವಸ್ಥೆಯೊಳಗೆ ಬರುವುದಿಲ್ಲ. ಯಾರ ಕೈಯಲ್ಲಿದೆ, ಯಾರು ಕೇಳುತ್ತಿದ್ದಾರೆ, ಯಾವ ಕೆಲಸಕ್ಕೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗದೆ ಪೊಟ್ಟಣ ಮೇಜಿನಿಂದ ಏಳಬಾರದು.

ಇದೇ ಮೂರು ಪ್ರಶ್ನೆಗಳು ಕರ್ನಾಟಕದಲ್ಲಿ ಬಿರುಗಾಳಿ ಎಬ್ಬಿಸಿದ್ದನ್ನು ಓದುಗರು ಮರೆತಿರಲಾರರು. ಕುಲಾಂತರಿ ಬಿಟಿ ಬದನೆಗೆ 2010ರ ಫೆಬ್ರುವರಿ 9ರಂದು ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ತಡೆ ಹಾಕಿದರು. ಅದಾದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಬೇರೆಯದೇ ಕಡತವನ್ನು ಕೈಗೆತ್ತಿಕೊಂಡಿತು. ಬಿಟಿ ಸೇರಿಸಲು ಬಳಸಿದ ಸ್ಥಳೀಯ ಬದನೆ ತಳಿಗಳಿಗೆ, ಅದರಲ್ಲಿ ಕರ್ನಾಟಕದ ತಳಿಗಳೂ ‘ಉಡುಪಿ ಲೋಕಲ್’ ಎಂಬ ಗುಳ್ಳವೂ ಸೇರಿದಂತೆ, ಜೀವವೈವಿಧ್ಯ ಕಾಯ್ದೆಯ ಅನುಮತಿ ಪಡೆದಿದ್ದರೇ ಎಂದು ಅದು ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಮಹಿಕೊ ಕಂಪನಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವು ಬಿಟಿ ಬದನೆ ಯೋಜನೆಯಲ್ಲಿದ್ದವು. 2011ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ತಪ್ಪಾಗಿದೆಯೇ, ಆಗಿದ್ದರೆ ಯಾರದ್ದು ಎನ್ನುವುದು ನ್ಯಾಯಾಲಯದ ಮಾತು. ನಾನು ಇಲ್ಲಿ ನೋಡುವುದು ಇನ್ನೊಂದನ್ನು. ಮಹಿಕೊ ಭಾರತದ ಕಂಪನಿ, ನಿಜ. ಆದರೆ ಅದರಲ್ಲಿ ವಿದೇಶಿ ಕಂಪನಿ ಮಾನ್ಸಾಂಟೊಗೆ ಶೇ 26ರಷ್ಟು ಪಾಲಿತ್ತು. ಆಗ ಇದ್ದ ಕಾಯ್ದೆಯ ಮೂರನೆಯ ಕಲಮಿನ ಪ್ರಕಾರ ಷೇರು ಬಂಡವಾಳದಲ್ಲಾಗಲಿ ಆಡಳಿತದಲ್ಲಾಗಲಿ ವಿದೇಶಿ ಪಾಲಿದ್ದರೆ ಆ ಕಂಪನಿಗೂ ಪ್ರಾಧಿಕಾರದ ಅನುಮತಿ ಬೇಕಿತ್ತು. ಒಬ್ಬ ಪ್ರಾಧ್ಯಾಪಕ ಬದನೆಯ ಹೂವನ್ನು ನೋಡುತ್ತಾನೆಯೇ ಹೊರತು ಜೊತೆಗಾರ ಕಂಪನಿಯ ಷೇರು ಪಟ್ಟಿ ತೆಗೆದು ನೋಡುತ್ತಾನೆಯೇ? ನೋಡಬೇಕು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? 2023ರ ತಿದ್ದುಪಡಿಯಲ್ಲಿ ಆ ವ್ಯಾಖ್ಯೆಯೂ ಬದಲಾಗಿದೆ. ಈಗ ವಿದೇಶಿ ಹಿಡಿತದಲ್ಲಿರುವ ಕಂಪನಿ ಎಂಬ ಅಳತೆಗೋಲು ಬಂದಿದೆ. ಅದೇ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದು 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿದೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಬದಲಾವಣೆ ಎಷ್ಟು ಮೇಜುಗಳನ್ನು ಮುಟ್ಟಿದೆ ಎಂದು ಕೇಳಿದರೆ ಹೆಮ್ಮೆಯ ಉತ್ತರ ಸಿಗಲಾರದು.

ಜೈಲಿನ ಭಯ ಇದ್ದಾಗ ಇನ್ನೊಂದು ಅನಾಹುತವೂ ಆಗುತ್ತಿತ್ತು. ಯಾವುದಕ್ಕೂ ಕೊಡದೇ ಇರುವುದೇ ಕ್ಷೇಮ ಎಂದು ಅಧಿಕಾರಿ ಪೊಟ್ಟಣವನ್ನು ಕಪಾಟಿನಲ್ಲೇ ಇಟ್ಟುಬಿಡುವುದು. ಪಕ್ಕದ ಜಿಲ್ಲೆಯ ರೈತ ಕೇಳಿದರೂ ‘ಮೇಲಿಂದ ಪರ್ಮಿಷನ್ ಬೇಕು’ ಎಂಬ ಉತ್ತರ. ಕಾನೂನು ಗೊತ್ತಿಲ್ಲದವನು ಎರಡು ತಪ್ಪು ಮಾಡುತ್ತಾನೆ: ಕೊಡಬಾರದ್ದನ್ನು ಕೊಡುತ್ತಾನೆ, ಕೊಡಬೇಕಾದ್ದನ್ನು ಮುಚ್ಚಿಡುತ್ತಾನೆ. ಎರಡನೆಯದು ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ, ಆದರೆ ಅದರ ನಷ್ಟ ದೊಡ್ಡದು. ಮುಚ್ಚಿಟ್ಟ ಬೀಜ ಎಂದರೆ ಹುಟ್ಟದೇ ಹೋದ ಇಂಡಾಫ್.

ಹಾಗಾದರೆ ತರಬೇತಿಯಲ್ಲಿ ಏನು ಕಲಿಸಬೇಕು? ಕಲಮುಗಳ ಬಾಯಿಪಾಠ ಖಂಡಿತ ಬೇಡ. ಎರಡು ದಶಕದ ಹಿಂದೆಯೇ ಅಂತರರಾಷ್ಟ್ರೀಯ ಸಸ್ಯ ತಳಿ ಸಂಸ್ಥೆಗಳು ಜೀನ್ ಬ್ಯಾಂಕ್ ವ್ಯವಸ್ಥಾಪಕರಿಗೆಂದೇ ಕಾನೂನು ಮತ್ತು ನೀತಿಯ ಕಲಿಕಾ ಕೈಪಿಡಿ ತಯಾರಿಸಿದ್ದವು. ಆ ಬಗೆಯ ತರಬೇತಿಯಲ್ಲಿ ನಿಜವಾಗಿ ನಾಟುವುದು ಪ್ರಕರಣಗಳು. ನಾನು ಪಾಠ ಮಾಡುವುದಾದರೆ ಎನೋಲಾ ಕಾಳಿನ ಕಥೆಯಿಂದ ಶುರು ಮಾಡುತ್ತೇನೆ.

1994ರಲ್ಲಿ ಅಮೆರಿಕದ ಒಬ್ಬ ಬೀಜ ವ್ಯಾಪಾರಿ ಮೆಕ್ಸಿಕೊದಲ್ಲಿ ಒಂದು ಚೀಲ ಕಾಳು ಕೊಂಡ. ರಾಜ್ಮಾ ಜಾತಿಯ ಬಣ್ಣಬಣ್ಣದ ಕಾಳು. ಅದರಲ್ಲಿ ಹಳದಿ ಕಾಳುಗಳನ್ನು ಆರಿಸಿ, ತನ್ನ ಊರಲ್ಲಿ ಕೆಲವು ಹಂಗಾಮು ಬಿತ್ತಿ, 1999ರಲ್ಲಿ ‘ಎನೋಲಾ’ ಹೆಸರಿನಲ್ಲಿ ಪೇಟೆಂಟ್ ಪಡೆದ. ಮೆಕ್ಸಿಕೊದ ರೈತರು ತಲೆಮಾರುಗಳಿಂದ ಬೆಳೆದು ತಿನ್ನುತ್ತಿದ್ದ ಹಳದಿ ಕಾಳನ್ನು ಅಮೆರಿಕಕ್ಕೆ ತರಿಸುವವರು ಒಂದು ಪೌಂಡಿಗೆ ಆರು ಸೆಂಟ್ ಕೊಡಬೇಕು ಎಂದು ಪಟ್ಟು ಹಿಡಿದ. ಇದನ್ನು ಪ್ರಶ್ನಿಸಿದ್ದು ಕೊಲಂಬಿಯಾದಲ್ಲಿರುವ ಸಿಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ. ಅದರ ಜೀನ್ ಬ್ಯಾಂಕಿನಲ್ಲಿ ಅಂಥ ಹಳದಿ ಕಾಳುಗಳು ಆಗಲೇ ಇದ್ದವು. ವ್ಯಾಜ್ಯ ವರ್ಷಗಟ್ಟಲೆ ಎಳೆದು 2009ರಲ್ಲಿ ಪೇಟೆಂಟ್ ಬಿದ್ದುಹೋಯಿತು.

ಅಲ್ಲಿ ಸಿಯಾಟ್‌ನ ಬೆನ್ನಿಗೆ ನಿಂತದ್ದು ಬೀಜ ಎಷ್ಟೋ, ಅದರ ದಾಖಲೆಯೂ ಅಷ್ಟೇ. ಜೀನ್ ಬ್ಯಾಂಕಿನ ಪೊಟ್ಟಣ ಒಂದನ್ನು ಕೈಯಲ್ಲಿ ಹಿಡಿದರೆ ಇದು ಅರ್ಥವಾಗುತ್ತದೆ. ಬೀಜವನ್ನು ಹದವಾಗಿ ಒಣಗಿಸಿ, ಅಲ್ಯುಮಿನಿಯಂ ಹಾಳೆಯ ಲಕೋಟೆಯಲ್ಲಿ ಗಾಳಿಯಾಡದಂತೆ ಸೀಲ್ ಮಾಡಿ, ಮೈನಸ್ 18 ಡಿಗ್ರಿಯ ಕೋಣೆಯಲ್ಲಿ ಇಡುತ್ತಾರೆ. ಮೇಲೆ ಒಂದು ಸಂಖ್ಯೆ. ದೇಶದೊಳಗಿನ ಸಂಗ್ರಹವಾದರೆ ಐಸಿ, ಹೊರಗಿನಿಂದ ಬಂದದ್ದಾದರೆ ಇಸಿ. ಆ ಸಂಖ್ಯೆಯ ಹಿಂದೆ ಯಾವ ಊರು, ಯಾವ ದಿನ, ಯಾರ ಹೊಲ, ಊರವರು ಏನೆಂದು ಕರೆಯುತ್ತಾರೆ ಎಂಬ ವಿವರ ಇರಬೇಕು. ಇದಕ್ಕೆ ಪಾಸ್‌ಪೋರ್ಟ್ ಮಾಹಿತಿ ಎಂದೇ ಹೆಸರು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಇಂಥ ಮಾದರಿಗಳಿವೆ. ಒಂದು ಪೊಟ್ಟಣದ ಮೇಲೆ ಊರಿನ ಹೆಸರು ಬರೆಯದೆ ಬಿಟ್ಟರೆ, ಬೀಜ ನೂರು ವರ್ಷ ಬದುಕಿದರೂ ಸಾಕ್ಷಿ ಹೇಳಲಾರದು. ನಮ್ಮ 2001ರ ಕಾಯ್ದೆಯೂ ಹೊಸ ತಳಿ ನೋಂದಾಯಿಸಲು ಬರುವವನು ಅದರ ತಂದೆ ತಾಯಿ ತಳಿಗಳು ಎಲ್ಲಿಂದ ಬಂದವು, ರೈತರ ಪಾಲೇನು ಎಂದು ಹೇಳಲೇಬೇಕು ಎನ್ನುತ್ತದೆ. ಆ ಮಾಹಿತಿ ಸರಿ ಇದ್ದರೆ ಮಾತ್ರ ಊರಿಗೆ ಲಾಭದ ಪಾಲು ಕೇಳಲು ಬಾಯಿ ಇರುತ್ತದೆ.

ಊರಿನ ಮಟ್ಟದ ಪಾಸ್‌ಪೋರ್ಟ್ ಎಂದರೆ ಜನತಾ ಜೀವವೈವಿಧ್ಯ ದಾಖಲಾತಿ. ಮಾಧವ ಗಾಡ್ಗೀಳರಂಥವರು ಕನಸು ಕಂಡ ಪುಸ್ತಕ ಅದು: ಊರಿನ ಜನ ಕೂತು ತಮ್ಮ ತಳಿ, ಗಿಡ, ಮೀನು, ಮದ್ದುಗಳನ್ನು ತಾವೇ ಬರೆಸಬೇಕು. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವರ್ಷಗಟ್ಟಲೆ ಮಲಗಿದ್ದ ಕೆಲಸಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಾಗ ಎಲ್ಲೆಡೆ ಓಟ ಶುರುವಾಯಿತು. ಪುಸ್ತಕಗಳು ತಯಾರಾದವು. ಹೇಗೆ ತಯಾರಾದವು?

ನಮ್ಮ ಬಯಲುಸೀಮೆಯ ಒಂದು ಪಂಚಾಯಿತಿಯಲ್ಲಿ ಆ ದಾಖಲಾತಿ ನೋಡಬೇಕೆಂದು ಕೇಳಿದೆ. ಬೀರುವಿನಿಂದ ತೆಗೆದುಕೊಟ್ಟರು. ಭತ್ತದ ತಳಿಗಳ ಪುಟದಲ್ಲಿ ‘ಕಗ್ಗ’ ಎಂದಿತ್ತು. ಕಗ್ಗ ಕುಮಟಾ ಕಡೆ ಅಘನಾಶಿನಿಯ ಗಜನಿ ಭೂಮಿಯಲ್ಲಿ, ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಭತ್ತ. ಕೆರೆಯೇ ಒಣಗಿರುವ ಈ ಊರಿಗೆ ಅದು ಹೇಗೆ ಬಂತು? ಎಲ್ಲಿಂದಲೋ ನಕಲು ಮಾಡಿದ ಪುಟ. ರಾಗಿಯ ಪುಟದಲ್ಲಿ ‘ರಾಗಿ (ಸ್ಥಳೀಯ)’ ಎಂಬ ಒಂದೇ ಸಾಲು.

ಜೊತೆಗೆ ಬಂದಿದ್ದ ಅಜ್ಜಿ ಕೇಳಿದರು, ‘ನಮ್ ಕರಿಗಿಡ್ಡ ಬರ್ದವ್ರೇನಪ್ಪ ಅದ್ರಾಗೆ?’

‘ಇಲ್ಲಜ್ಜಿ, ಹೆಸ್ರಿಲ್ಲ.’

‘ಮತ್ತೆ ಯಾರ್ನ ಕೇಳಿ ಬರ್ದವ್ರೆ?’

ಆಕೆಯ ಮನೆಯಲ್ಲಿ ಕರಿಗಿಡ್ಡ, ಹಸಿರುಕಡ್ಡಿ, ಉಂಡೆ ರಾಗಿ ಮೂರೂ ಇವೆ. ಬೂದಿ ಬೆರೆಸಿ, ಲಕ್ಕಿ ಸೊಪ್ಪು ಹಾಕಿ ಗುಡಾಣದಲ್ಲಿ ಇಟ್ಟಿದ್ದಾರೆ. ಮಳೆ ತಡವಾದರೆ ಯಾವುದು, ಮಾಳದ ಹೊಲಕ್ಕೆ ಯಾವುದು, ದನಕ್ಕೆ ಹುಲ್ಲು ಚೆನ್ನಾಗಿ ಬರುವುದು ಯಾವುದು ಎಂದು ಒಂದೇ ಉಸಿರಿಗೆ ಹೇಳಿದರು. ಪಿಡಿಒ ಒಳ್ಳೆಯ ಹುಡುಗ, ತಲೆ ತಗ್ಗಿಸಿ ಕೇಳುತ್ತಿದ್ದ. ‘ಒಂದಿನ ಟ್ರೇನಿಂಗ್ ಕೊಟ್ರು ಸಾರ್, ಇಂಗ್ಲಿಷ್ ಸ್ಲೈಡ್ ತೋರ್ಸಿದ್ರು. ನಮಗೆ ಅರ್ಥ ಆಗಿದ್ದು ಫಾರಂ ತುಂಬ್ಬೇಕು ಅನ್ನೋದು ಮಾತ್ರ’ ಎಂದ. ನರೇಗಾ, ಕಂದಾಯ, ಕುಡಿಯುವ ನೀರು ಎಲ್ಲವನ್ನೂ ಹೊತ್ತಿರುವ ಅವನನ್ನು ದೂಷಿಸಲು ನನಗೆ ಮನಸ್ಸಾಗಲಿಲ್ಲ.

ಅವನಿಗೆ ತಿಳಿಯಬೇಕಾದ್ದು ಬಹಳವೇನಿಲ್ಲ. ವಾಣಿಜ್ಯಕ್ಕೆಂದು ಊರಿನ ಜೀವಸಂಪತ್ತು ಸಂಗ್ರಹಿಸುವವರಿಂದ ಸಮಿತಿ ಶುಲ್ಕ ಕೇಳಬಹುದು. ಅನುಮತಿ ಕೊಡುವಾಗ ಪ್ರಾಧಿಕಾರ ಮತ್ತು ಮಂಡಳಿ ಸಮಿತಿಯನ್ನು ಕೇಳಬೇಕು; ಆ ಪತ್ರ ಬಂದಾಗ ಕಡತದಲ್ಲಿ ಹೂತುಹಾಕದೆ ಸಭೆ ಕರೆದು ನಡಾವಳಿ ಬರೆಯಬೇಕು. ಏನನ್ನು ಬರೆಯಬಾರದು ಎನ್ನುವುದೂ ಗೊತ್ತಿರಬೇಕು. ನಾಟಿ ವೈದ್ಯರು ತಮ್ಮ ಮದ್ದಿನ ಗುಟ್ಟು ಗುಟ್ಟಾಗಿಯೇ ಇರಲಿ ಎಂದರೆ ಅದನ್ನು ಕಾಪಾಡುವ ಹೊಣೆ ದಾಖಲಾತಿ ಇಟ್ಟುಕೊಂಡವನದು. ಇದನ್ನು ಕನ್ನಡದಲ್ಲಿ, ಊರಿನ ಉದಾಹರಣೆ ಇಟ್ಟು, ಎರಡು ಮೂರು ದಿನ ಕೂರಿಸಿ, ನಕಲಿ ಅರ್ಜಿ ಕೊಟ್ಟು ಅಭ್ಯಾಸ ಮಾಡಿಸಿದರೆ ಯಾರಿಗೆ ಅರ್ಥವಾಗುವುದಿಲ್ಲ? ಒಬ್ಬರು ಕಂಪನಿಯವರ ಪಾತ್ರ ಮಾಡಲಿ, ಒಬ್ಬರು ವಿಜ್ಞಾನಿಯದು, ಒಬ್ಬರು ಬೀಜ ಉಳಿಸಿದ ಅಜ್ಜಿಯದು. ಎದುರುಬದುರು ಕೂತು ಮಾತಾಡಲಿ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನೂ ಅದೇ ಕೋಣೆಗೆ ತರಬೇಕು. ಪಿಡಿಒಗೆ ಬೇರೆ, ವಿಜ್ಞಾನಿಗೆ ಬೇರೆ ಎಂದು ಒಡೆದರೆ ಒಬ್ಬರ ಕಾಗದ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ.

ಕಾನೂನು ಎಲ್ಲಿ ಅಡ್ಡ ಬರುವುದಿಲ್ಲ ಎಂಬುದನ್ನೂ ಕಲಿಸಬೇಕು. ದೇಸಿ ಬೀಜ ಮೇಳದಲ್ಲಿ ಒಬ್ಬ ರೈತ ಇನ್ನೊಬ್ಬನಿಗೆ ರಾಜಮುಡಿ ಭತ್ತದ ಬೀಜ ಕೊಟ್ಟರೆ ಯಾರ ಅನುಮತಿಯೂ ಬೇಡ. ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಬೀಜ ಉಳಿಸುವ, ಬಿತ್ತುವ, ಮರುಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಗುಜರಾತಿನ ಸಾಬರಕಾಂಠಾದ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ತಲಾ ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿ ದಾವೆ ಹೂಡಿದಾಗ ದೇಶಕ್ಕೆ ಈ ಕಲಮು ನೆನಪಾಯಿತು. ಜನರ ಸಿಟ್ಟಿಗೆ ಮಣಿದು ದಾವೆ ಹಿಂದಕ್ಕೆ ಹೋಯಿತು. ಅಷ್ಟರವರೆಗೆ ಆ ರೈತರು ಕಳೆದ ರಾತ್ರಿಗಳನ್ನು ಯಾರು ವಾಪಸ್ ಕೊಡುತ್ತಾರೆ? ತಾಲ್ಲೂಕು ಕೃಷಿ ಕಚೇರಿಯಲ್ಲಿ ಆ ಕಲಮು ಬಲ್ಲ ಒಬ್ಬರಿದ್ದರೂ ಮೊದಲ ದಿನವೇ ಧೈರ್ಯ ಹೇಳಬಹುದಿತ್ತು.

ಮುಂದೆ ಪೊಟ್ಟಣವೇ ಬೇಕಾಗದ ಕಾಲ ಬರುತ್ತಿದೆ. ಬೀಜದ ಜೀನ್ ಓದಿ, ಆ ಅಕ್ಷರಮಾಲೆಯನ್ನು ಕಂಪ್ಯೂಟರಿನಲ್ಲಿ ಕಳಿಸಿದರೆ ಸಾಕು. ಅದರಿಂದ ಲಾಭ ಮಾಡುವ ಕಂಪನಿಗಳು ಪಾಲು ಕೊಡಲೆಂದು 2025ರ ಫೆಬ್ರುವರಿಯಲ್ಲಿ ಜೀವವೈವಿಧ್ಯ ಒಡಂಬಡಿಕೆಯಡಿ ‘ಕಾಲಿ ನಿಧಿ’ ಎಂಬುದನ್ನು ತೆರೆದಿದ್ದಾರೆ. ಕಾಗದದ ರೂಪ ಬದಲಾಗಬಹುದು. ಯಾರ ಬೀಜ ಎಂಬ ಪ್ರಶ್ನೆಗೆ ಉತ್ತರ ಬರೆದಿಡುವ ಕೆಲಸ ಊರಿನಲ್ಲೇ ಆಗಬೇಕು.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಪಂಚಾಯಿತಿಯಲ್ಲೂ ಆ ದಾಖಲಾತಿ ಇರಲೇಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಅದನ್ನು ತೆಗೆಸಿ, ನಿಮ್ಮ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಾಗಿಯ ಪುಟವನ್ನೋ ಭತ್ತದ ಪುಟವನ್ನೋ ಗಟ್ಟಿಯಾಗಿ ಓದಿಸಿ. ಬಿಟ್ಟುಹೋದ ಹೆಸರುಗಳನ್ನು ಅಲ್ಲೇ ಸೇರಿಸಿ ಬರೆಯಿರಿ ಎಂದು ಕೇಳಿ.